ಖುಷಿಗಾಗಿ ಓದು: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಂಥಾಲಯದ ಕೌಂಟರಿನಲ್ಲಿ, ಪುಸ್ತಕದಂಗಡಿಯಲ್ಲಿ, ಸಮ್ಮೇಳನದ ಮಳಿಗೆಗಳ ಮುಂದೆ ಮತ್ತೆ ಮತ್ತೆ ಕಿವಿಗೆ ಬೀಳುವ ಪ್ರಶ್ನೆಗಳಿವು. ಸಿಲಬಸ್ಸಿಗೂ ನೌಕರಿಗೂ ಸಂಬಂಧವಿಲ್ಲದ ಓದಿನ ಬಗ್ಗೆ ಮಾತ್ರ ಇಲ್ಲಿ ಉತ್ತರವಿದೆ.

ನನಗೆ ಎಂಥ ಪುಸ್ತಕ ಹಿಡಿಸುತ್ತೆ ಅನ್ನೋದೇ ಗೊತ್ತಿಲ್ಲ. ಹೇಗೆ ತಿಳಿಯೋದು?

ಒಳ್ಳೆಯ ಪುಸ್ತಕ ಯಾವುದು ಅಂತ ಹತ್ತು ಜನರನ್ನು ಕೇಳಿದರೆ ಹತ್ತು ಹೆಸರು ಸಿಗುತ್ತವೆ. ಅದು ಅವರವರ ರುಚಿಯ ಪಟ್ಟಿ. ನಿಮ್ಮ ರುಚಿ ತಿಳಿಯುವುದು ನೀವು ಅರ್ಧಕ್ಕೆ ಬಿಟ್ಟ ಪುಸ್ತಕಗಳಿಂದ. ಪೂರ್ತಿ ಓದಿದ್ದು ಹಟಕ್ಕೆ ಓದಿದ್ದಿರಬಹುದು, ಯಾರದೋ ಮಾತಿಗೆ ಓದಿದ್ದಿರಬಹುದು. ಬಿಟ್ಟದ್ದು ಮಾತ್ರ ಸುಳ್ಳು ಹೇಳುವುದಿಲ್ಲ.

ಮಾಡಬೇಕಾದ್ದು ಇಷ್ಟು. ಗ್ರಂಥಾಲಯದಿಂದ ನಾಲ್ಕು ಬಗೆಯ ಪುಸ್ತಕ ತನ್ನಿ: ಒಂದು ಕಥಾಸಂಕಲನ, ಒಂದು ಆತ್ಮಕಥೆ, ಒಂದು ಪ್ರವಾಸ ಅಥವಾ ಕಾಡು-ಪ್ರಾಣಿಗಳ ಕುರಿತ ಬರಹ, ಒಂದು ಪತ್ತೇದಾರಿ ಕಾದಂಬರಿ. ಒಂದೇ ಸಲಕ್ಕೆ ನಾಲ್ಕು ಕೊಡದಿದ್ದರೆ ಎರಡೆರಡಾಗಿ ತನ್ನಿ. ಪ್ರತಿಯೊಂದರಲ್ಲೂ 30 ಪುಟ ಓದಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಸಂಗತಿ ಬರೆದಿಡಿ: ಎಷ್ಟನೇ ಪುಟದಲ್ಲಿ ನಿಂತಿರಿ, ಆ ಪುಟದಲ್ಲಿ ಏನು ನಡೆಯುತ್ತಿತ್ತು, ಯಾವ ಪುಟಗಳಲ್ಲಿ ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಎರಡನೆಯದು ಮುಖ್ಯ. ‘ಬೋರು’ ಅಂತ ಬರೆದರೆ ಮುಂದೆ ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಮೂರು ಪುಟ ಬರೀ ಬೆಟ್ಟದ ವರ್ಣನೆ’, ‘ಒಂದೇ ಪುಟದಲ್ಲಿ ಒಂಬತ್ತು ಹೆಸರು’, ‘ಲೇಖಕರು ಬುದ್ಧಿ ಹೇಳೋಕೆ ಶುರುಮಾಡಿದರು’ ಎಂದು ಬರೆದರೆ ಗೊತ್ತಾಗುತ್ತದೆ.

ಹತ್ತು ಹನ್ನೆರಡು ಪುಸ್ತಕವಾಗುವ ಹೊತ್ತಿಗೆ ಒಂದೇ ಕಾರಣ ಮರುಕಳಿಸುವುದು ಕಾಣುತ್ತದೆ. ವರ್ಣನೆ ಬಂದಲ್ಲೆಲ್ಲ ನಿಂತಿದ್ದರೆ ಮಾತುಕತೆ ಹೆಚ್ಚಿರುವ ಕಥೆಗಳನ್ನು, ನಾಟಕಗಳನ್ನು ಹಿಡಿಯಿರಿ. ನಾಟಕವನ್ನು ಓದುವ ಪುಸ್ತಕ ಎಂದು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ; 80 ಪುಟ, ಎರಡು ಸಂಜೆಗೆ ಮುಗಿಯುತ್ತದೆ. ಹೆಸರುಗಳ ಗೊಂದಲದಲ್ಲಿ ನಿಂತಿದ್ದರೆ ‘ನಾನು’ ಎಂದು ಒಬ್ಬರೇ ಹೇಳಿಕೊಂಡು ಹೋಗುವ ಪುಸ್ತಕ ಹೊಂದುತ್ತದೆ. ಉಪದೇಶಕ್ಕೆ ನಿಂತಿದ್ದರೆ ತಪ್ಪು ಆ ಪ್ರಕಾರದ್ದಲ್ಲ, ಆ ಲೇಖಕರನ್ನು ಬಿಟ್ಟರಾಯಿತು.

ಒಂದು ಎಚ್ಚರಿಕೆ. ರಾತ್ರಿ ಊಟವಾಗಿ ಹತ್ತೂವರೆಗೆ ಹಿಡಿದ ಪುಸ್ತಕ ಎಂಥದ್ದಾದರೂ ಮುಖದ ಮೇಲೆ ಬೀಳುತ್ತದೆ. ಅದನ್ನು ಬಿಟ್ಟ ಪುಸ್ತಕದ ಲೆಕ್ಕಕ್ಕೆ ಸೇರಿಸಬೇಡಿ. ಬೆಳಿಗ್ಗೆ ಇನ್ನೊಂದು ಸಲ ನೋಡಿ.

ಎಷ್ಟು ಪುಟ ಓದಿದ ಮೇಲೆ ಬಿಡಬಹುದು?

ರುಚಿ ನೋಡುವುದಕ್ಕೆ ಮೇಲೆ ಹೇಳಿದ 30 ಪುಟ ಸಾಕು. ಓದಲೆಂದೇ ಹಿಡಿದ 250–300 ಪುಟದ ಕಾದಂಬರಿಯಾದರೆ 50. ಪಾತ್ರಗಳ ಪರಿಚಯ ಮುಗಿದು ಕಥೆಗೆ ಕಾಲು ಬರಲು ಅಷ್ಟು ಬೇಕಾಗುತ್ತದೆ. ಕಥಾಸಂಕಲನದಲ್ಲಿ ಮೊದಲ ಕಥೆಯೊಂದರಿಂದಲೇ ತೀರ್ಮಾನಿಸಬೇಡಿ. ಸಂಕಲನಕ್ಕೆ ಹೆಸರು ಕೊಟ್ಟ ಕಥೆ, ಜೊತೆಗೆ ಎಲ್ಲಕ್ಕಿಂತ ಚಿಕ್ಕ ಕಥೆ, ಎರಡನ್ನೂ ಪೂರ್ತಿ ಓದಿ ನೋಡಿ. ಕವನ ಸಂಕಲನವಾದರೆ ಹತ್ತು ಕವನ. ಆತ್ಮಕಥೆಯಲ್ಲಿ ಮೊದಲ ಅಧ್ಯಾಯ ಬಹಳ ಸಲ ವಂಶಾವಳಿ. ಅದನ್ನು ದಾಟಿ ಶಾಲೆಗೆ ಸೇರಿದ ಕಡೆಯಿಂದ ಶುರುಮಾಡಿದರೆ ನಷ್ಟವೇನಿಲ್ಲ, ತಾತ ಯಾರೆಂದು ಬೇಕೆನಿಸಿದಾಗ ಹಿಂದಕ್ಕೆ ಹೋಗಬಹುದು.

ಮುನ್ನುಡಿಯನ್ನು ಕೊನೆಗೆ ಓದಿ. ನಮ್ಮ ಪುಸ್ತಕಗಳಲ್ಲಿ ಹಿರಿಯರೊಬ್ಬರಿಂದ ಹತ್ತು ಹದಿನೈದು ಪುಟ ಬರೆಸುವ ಪದ್ಧತಿ ಇದೆ. ಅವರು ಕಥೆಯನ್ನು ಮೊದಲೇ ಬಿಡಿಸಿ ಹೇಳಿಬಿಡುತ್ತಾರೆ, ಯಾರು ಸಾಯುತ್ತಾರೆ ಅನ್ನುವುದನ್ನೂ ಸೇರಿಸಿ. ‘ಪುಸ್ತಕ ಶುರುವಾಗೋಕೆ ಮುಂಚೆಯೇ ಸುಸ್ತಾಯಿತು’ ಎನ್ನುವವರು ಓದಿ ಸುಸ್ತಾಗಿರುವುದು ಮುನ್ನುಡಿಯನ್ನೇ.

ನಮ್ಮ ಕಡೆಯ ಲೇಖಕರಿಂದಲೇ ಶುರುಮಾಡಬೇಕು ಅಂತಿದೆ. ಎಲ್ಲಿಂದ?

ಹೆಚ್ಚಿನವರು ಎಡವುವುದು ಆಯ್ಕೆಯಲ್ಲಲ್ಲ, ಅನುಕ್ರಮದಲ್ಲಿ. ಅತಿ ದೊಡ್ಡ ಹೆಸರಿನ ಪುಸ್ತಕವನ್ನೇ ಮೊದಲು ಹಿಡಿಯುತ್ತಾರೆ.

ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರಿಗೆ 1983ರ ಜ್ಞಾನಪೀಠ ಬಂದದ್ದು ‘ಚಿಕವೀರ ರಾಜೇಂದ್ರ’ಕ್ಕೆ. 1834ರಲ್ಲಿ ಪಟ್ಟ ಕಳೆದುಕೊಂಡ ಕೊಡಗಿನ ಕೊನೆಯ ರಾಜನ ಕಥೆ. ಅರಮನೆ, ಮಂತ್ರಿಗಳು, ಬ್ರಿಟಿಷ್ ಅಧಿಕಾರಿಗಳು ಎಂದು ಪಾತ್ರಗಳು ಬಹಳ. ಪ್ರಶಸ್ತಿಯ ಹೆಸರು ಕೇಳಿ ಇದನ್ನೇ ಮೊದಲು ತಂದವರು ನಡುವೆ ಕೈಬಿಡುವುದು ಅದಕ್ಕೇ. ಮಾಸ್ತಿಯವರ ಸಣ್ಣಕತೆಗಳಿಂದ ಶುರುಮಾಡಿ. ಜಗಲಿಯ ಮೇಲೆ ಕೂತು ಹೇಳುವ ದನಿ ಅವರದು, ಅವಸರವಿಲ್ಲ. ಆ ನಡಿಗೆಗೆ ಒಗ್ಗಿಕೊಂಡ ಮೇಲೆ ಕಾದಂಬರಿಗೆ ಬನ್ನಿ. ಆಗಲೂ ಒಂದು ಚೀಟಿಯಲ್ಲಿ ಹೆಸರು, ಸಂಬಂಧ ಬರೆದು ಪುಸ್ತಕದೊಳಗಿಟ್ಟುಕೊಳ್ಳಿ. ಹಳೆಯ ಪ್ರತಿಗಳಲ್ಲಿ ಲೇಖಕರ ಹೆಸರು ‘ಶ್ರೀನಿವಾಸ’ ಎಂದಿರಬಹುದು. ಅದು ಅವರ ಕಾವ್ಯನಾಮ. ಬೇರೆ ಯಾರದೋ ಪುಸ್ತಕ ಎಂದು ವಾಪಸ್ಸು ಇಡಬೇಡಿ.

ಚಿಕ್ಕನಾಯಕನಹಳ್ಳಿ ತಾಲ್ಲೂಕು ತೀರ್ಥಪುರದ ತೀ.ನಂ. ಶ್ರೀಕಂಠಯ್ಯ ಎಂದರೆ ‘ಭಾರತೀಯ ಕಾವ್ಯಮೀಮಾಂಸೆ’ ಎಂದು ಕನ್ನಡ ಎಂ.ಎ. ಮಾಡಿದವರು ಕೈಮುಗಿಯುತ್ತಾರೆ. ಖುಷಿಗಾಗಿ ಓದುವವರಿಗೆ ಅವರದೇ ‘ನಂಟರು’ ಇದೆ, ಹಗುರ ಪ್ರಬಂಧಗಳು. ಗೌರಿಬಿದನೂರು ತಾಲ್ಲೂಕು ಹೊಸೂರಿನ ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’ಯ ಕನ್ನಡ ಬಹಳ ಸರಳ. ಓದು ಬಿಟ್ಟು ಇಪ್ಪತ್ತು ವರ್ಷವಾದವರಿಗೂ ತಡೆಯಿಲ್ಲದೆ ಸಾಗುತ್ತದೆ.

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರ ‘ಜ್ಞಾಪಕ ಚಿತ್ರಶಾಲೆ’ ಎಂಟು ಸಂಪುಟ ಎಂದು ಹೆದರಬೇಕಿಲ್ಲ. ಒಬ್ಬೊಬ್ಬ ವ್ಯಕ್ತಿಯ ನೆನಪು ಒಂದೊಂದು ಬಿಡಿ ಬರಹ. ಯಾವ ಸಂಪುಟದ ಯಾವ ಪುಟ ತೆರೆದರೂ ನಡೆಯುತ್ತದೆ.

‘ಮಂಕುತಿಮ್ಮನ ಕಗ್ಗ’ ಮನೆಯಲ್ಲಿದೆ, ಅರ್ಥವಾಗಲ್ಲ. ಏನು ಮಾಡೋದು?

ಅರ್ಥವಾಗದಿರುವುದಕ್ಕೆ ಮುಖ್ಯ ಕಾರಣ ಅದರ ತತ್ವವಲ್ಲ, ಸಂಧಿ. ಛಂದಸ್ಸಿಗೆ ಹೊಂದಿಸಲು ಗುಂಡಪ್ಪನವರು ಪದಗಳನ್ನು ಒಂದಕ್ಕೊಂದು ಬೆಸೆದಿದ್ದಾರೆ, ಕ್ರಿಯಾಪದ ಎಷ್ಟೋ ಸಲ ಇರಬೇಕಾದ ಜಾಗದಲ್ಲಿರುವುದಿಲ್ಲ. ಹೀಗೆ ಮಾಡಿ: ಮೊದಲು ಗಟ್ಟಿಯಾಗಿ ಓದಿ. ನಾಲ್ಕೂ ಸಾಲುಗಳಲ್ಲಿ ಎರಡನೇ ಅಕ್ಷರ ಪ್ರಾಸವಾಗಿ ಬರುವುದರಿಂದ ಲಯ ತಾನಾಗಿ ಸಿಗುತ್ತದೆ. ಆಮೇಲೆ ಪೆನ್ಸಿಲ್ಲಿನಿಂದ ಪದ ಪದದ ನಡುವೆ ಗೀಟು ಹಾಕಿ ಬಿಡಿಸಿ. ಮೂರನೆಯದಾಗಿ ಕ್ರಿಯಾಪದ ಹುಡುಕಿ, ಅದನ್ನು ಕೊನೆಗಿಟ್ಟು ಮನೆಮಾತಿನಲ್ಲಿ ಒಂದು ವಾಕ್ಯ ಮಾಡಿ. ವ್ಯಾಖ್ಯಾನ ನೋಡುವುದು ಇಷ್ಟಾದ ಮೇಲೆ. ಮೊದಲೇ ನೋಡಿದರೆ ನೀವು ಓದುವುದು ವ್ಯಾಖ್ಯಾನಕಾರರನ್ನು, ಕಗ್ಗವನ್ನಲ್ಲ.

ಒಟ್ಟು 945 ಪದ್ಯಗಳು. ದಿನಕ್ಕೊಂದರಂತೆ ಹೋದರೆ ಎರಡು ವರ್ಷ ಏಳು ತಿಂಗಳು. ಒಂದೇ ಉಸಿರಿಗೆ ಐವತ್ತು ಓದಿದವರಿಗೆ ಎಲ್ಲವೂ ಒಂದೇ ಥರ ಕೇಳಿಸುತ್ತದೆ. ಅದು ಪುಸ್ತಕದ ದೋಷವಲ್ಲ, ಹಾಗೆ ಓದಲು ಅದನ್ನು ಬರೆದಿಲ್ಲ. ಇಷ್ಟೆಲ್ಲ ಮಾಡಿಯೂ ಹಿಡಿಸದಿದ್ದರೆ ಬಿಡಿ. ಗೋಡೆಗೆ ನೇತುಹಾಕುವ ಕ್ಯಾಲೆಂಡರಿನಲ್ಲಿ ಇದೆ ಎಂದ ಮಾತ್ರಕ್ಕೆ ಎಲ್ಲರಿಗೂ ಇಷ್ಟವಾಗಬೇಕೆಂದಿಲ್ಲ.

ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಯಾವುದರಲ್ಲಿ ಓದಿದರೆ ರುಚಿ?

ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರ, ಮುಳಬಾಗಿಲು, ಪಾವಗಡದ ಕಡೆಯಿಂದ ಬರುವ ಪ್ರಶ್ನೆ. ಓದು ಕಲಿತ ಭಾಷೆಯಲ್ಲಿ ವೇಗ ಬರುತ್ತದೆ, ಆಡುವ ಭಾಷೆಯಲ್ಲಿ ನಗು ಬೇಗ ಬರುತ್ತದೆ. ಆದ್ದರಿಂದ ಉದ್ದದ ಕಾದಂಬರಿ ಕನ್ನಡದಲ್ಲಿ, ಹಾಡು, ಪದ್ಯ, ಹಾಸ್ಯ ತೆಲುಗಿನಲ್ಲಿ ಎಂದು ಹಂಚಿಕೊಂಡವರಿಗೆ ಎರಡೂ ಉಳಿಯುತ್ತವೆ. ಕೈವಾರದ ತಾತಯ್ಯನವರೇ ಎರಡರಲ್ಲೂ ಹಾಡಿದ್ದಾರೆ.

ತೆಲುಗು ಲಿಪಿ ಬರುವುದಿಲ್ಲ ಎಂಬುದು ದೊಡ್ಡ ಅಡ್ಡಿಯಲ್ಲ. ಎರಡು ಲಿಪಿಗಳೂ ಒಂದೇ ಬೇರಿನವು. ಗ, ಚ, ನ, ಮ, ಯ, ವ, ಸ ನೋಡಿದ ಕೂಡಲೇ ಗುರುತಾಗುತ್ತವೆ. ತಲೆಕಟ್ಟು ಮಾತ್ರ ನಮ್ಮದರ ಹಾಗೆ ಬಾಗದೆ, ಮೇಷ್ಟ್ರು ಹಾಕುವ ‘ರೈಟ್’ ಗುರುತಿನಂತೆ ಇರುತ್ತದೆ. ತೊಂದರೆ ಕೊಡುವುದು ಕ, ತ, ಶ, ಹ. ಈ ನಾಲ್ಕನ್ನು ಒಂದು ರಟ್ಟಿನ ಮೇಲೆ ಬರೆದು ಮುಂದಿಟ್ಟುಕೊಂಡು, ದಿನಕ್ಕೆ ಅರ್ಧ ಗಂಟೆ ಮಕ್ಕಳ ಕಥೆಯ ದಪ್ಪಕ್ಷರದ ಪುಸ್ತಕ ಓದಿದರೆ ಕೆಲವೇ ವಾರಗಳಲ್ಲಿ ಸಾಲು ಹಿಡಿದು ಸಾಗಬಹುದು. ದಿನಪತ್ರಿಕೆಯಿಂದ ಶುರುಮಾಡಬೇಡಿ, ಅಕ್ಷರ ಸಣ್ಣದು, ಒತ್ತು ಕಾಣುವುದಿಲ್ಲ.

ಧಾರವಾಡ, ಮಂಗಳೂರು ಕಡೆಯ ಕಾದಂಬರಿಯ ಮಾತು ತಲೆಗೆ ಹತ್ತಲ್ಲ.

ನಮ್ಮ ‘ಬತ್ತೀನಿ, ಓಯ್ತೀನಿ’ ಅವರಿಗೂ ಹಾಗೆಯೇ. ಕಣ್ಣಲ್ಲಿ ಓದಿದರೆ ಆಡುಮಾತು ತಪ್ಪಕ್ಷರದಂತೆ ಕಾಣುತ್ತದೆ, ಬಾಯಲ್ಲಿ ಓದಿದರೆ ಮಾತಾಗಿ ಕೇಳುತ್ತದೆ. ಮೊದಲ 20 ಪುಟದ ಸಂಭಾಷಣೆಗಳನ್ನು ಗಟ್ಟಿಯಾಗಿ ಓದಿ. ಗೊತ್ತಿಲ್ಲದ ಪದ ಬಂದರೆ ನಿಲ್ಲದೆ ಮುಂದೆ ಹೋಗಿ. ಮೂರನೇ ಸಲ ಬಂದಾಗಲೂ ತಿಳಿಯದಿದ್ದರೆ ಮಾತ್ರ ಹುಡುಕಿ. ಪ್ರತಿ ಪದಕ್ಕೂ ನಿಘಂಟು ತೆರೆಯುವವರು ಹತ್ತನೇ ಪುಟ ದಾಟುವುದಿಲ್ಲ.

ಪತ್ತೇದಾರಿ, ಸಾಮಾಜಿಕ ಕಾದಂಬರಿ ಓದಿದರೆ ಕೀಳಾ?

ಅಲ್ಲ.

ನೌಕರಿ ಪರೀಕ್ಷೆಗೆ ಓದಿ ಓದಿ, ಕಥೆ ಹಿಡಿದರೂ ಅಡಿಗೆರೆ ಹಾಕ್ತೀನಿ. ಇದು ಹೋಗುತ್ತಾ?

ಹೋಗುತ್ತದೆ. ಆ ಓದಿಗೆ ಕೂರುವ ಮೇಜು ಬೇರೆ, ಈ ಓದಿನ ಜಾಗ ಬೇರೆ ಇರಲಿ. ಪೆನ್ನು ದೂರವಿಡಿ. ಕೆಲವು ವಾರ ಇಸವಿ, ಊರಿನ ಹೆಸರು ಹೆಚ್ಚಿರುವ ಪುಸ್ತಕ ಬೇಡ. ಐತಿಹಾಸಿಕ ಕಾದಂಬರಿ ಹಿಡಿದರೆ ಮನಸ್ಸು ತಾನೇ ಇಸವಿ ಬಾಯಿಪಾಠ ಮಾಡಲು ಹೊರಡುತ್ತದೆ.

ಸಮಯವೇ ಇಲ್ಲ. ದಿನಾ ಬೆಂಗಳೂರಿಗೆ ಓಡಾಟ.

ನಿಮ್ಮ ವೇಗ ಮೊದಲು ಅಳೆಯಿರಿ. ಹತ್ತು ಪುಟಕ್ಕೆ ಎಷ್ಟು ನಿಮಿಷ? 22 ನಿಮಿಷ ಎಂದುಕೊಳ್ಳಿ. ತುಮಕೂರಿನಿಂದಾಗಲಿ ಬಂಗಾರಪೇಟೆಯಿಂದಾಗಲಿ ರೈಲಿನಲ್ಲಿ ಹೋಗುವುದಕ್ಕೆ ಒಂದೂಕಾಲು ಗಂಟೆ ಹಿಡಿದರೂ ಸೀಟು ಹಿಡಿಯುವುದು, ಇಳಿಯುವ ಸಿದ್ಧತೆ ಕಳೆದು 50 ನಿಮಿಷ ಉಳಿಯುತ್ತದೆ. ಹೋಗಿ ಬರುವುದು ಸೇರಿ 100 ನಿಮಿಷ, ಸುಮಾರು 45 ಪುಟ. 240 ಪುಟದ ಕಾದಂಬರಿ ಆರು ದಿನಕ್ಕೆ ಮುಗಿಯುತ್ತದೆ.

ಕಾಗದದ ಮೇಲೆ ಇದು ಚೆಂದ. ಕೆಡುವುದು ಸಂಜೆಯ ಗಾಡಿಯಲ್ಲಿ: ನಿಂತುಕೊಂಡಿರುತ್ತೀರಿ, ಒಂದು ಕೈ ಹಿಡಿಕೆಯಲ್ಲಿ, ದಣಿವು ಬೇರೆ. ಆದ್ದರಿಂದ ಬೆಳಿಗ್ಗೆಗೆ ಕಾದಂಬರಿ, ಸಂಜೆಗೆ ಎಂಟು ಹತ್ತು ಪುಟದ ಕಥೆ ಅಥವಾ ಪ್ರಬಂಧ ಎಂದು ಎರಡು ಪುಸ್ತಕ ಇಟ್ಟುಕೊಳ್ಳಿ. ಒಂದು ಕೈಯಲ್ಲಿ ಹಿಡಿಯಲು ಕ್ರೌನ್ ಎಂಬ ಚಿಕ್ಕ ಅಳತೆಯ ಪುಸ್ತಕ ಸಲೀಸು, ಅದಕ್ಕಿಂತ ದೊಡ್ಡದಾದ ಡೆಮಿ ಭಾರ. ಚಿಕ್ಕಬಳ್ಳಾಪುರ, ಕೋಲಾರದಿಂದ ಬಸ್ಸಿನಲ್ಲಿ ಬರುವವರಿಗೆ ಕುಲುಕಾಟಕ್ಕೆ ಹೊಟ್ಟೆ ತೊಳಸಿದರೆ ಹಟ ಬೇಡ. ಕಿವಿಯಲ್ಲಿ ಕೇಳುವ ಪುಸ್ತಕ ಹಾಕಿಕೊಳ್ಳಿ.

ಗ್ರಂಥಾಲಯದಲ್ಲಿ ಬೇಕಾದ ಪುಸ್ತಕ ಸಿಗೋದೇ ಇಲ್ಲ.

ಇದ್ದರೂ ಸಿಗದಿರುವುದೇ ಹೆಚ್ಚು. ಕಾಲೇಜು ಗ್ರಂಥಾಲಯಗಳಲ್ಲಿ ಸಾಮಾನ್ಯವಾಗಿ ಡ್ಯೂಯಿ ದಶಮಾಂಶ ಪದ್ಧತಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಕ್ರಮ. ಅದರಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಮುಂದಿನ ಅಂಕಿ 1 ಆದರೆ ಕಾವ್ಯ, 2 ನಾಟಕ, 3 ಕಥೆ-ಕಾದಂಬರಿ, 4 ಪ್ರಬಂಧ. ಅಂದರೆ ಬೆನ್ನಿನ ಚೀಟಿಯಲ್ಲಿ 894.8143 ಇದ್ದ ಕಪಾಟಿಗೆ ನೇರ ಹೋಗಿ. ಆತ್ಮಕಥೆಗಳು ಹೆಚ್ಚಾಗಿ ಇಲ್ಲಿರುವುದಿಲ್ಲ, 920ರ ಕಡೆ ಇರುತ್ತವೆ. ಎಷ್ಟೋ ಜನ ಇದು ತಿಳಿಯದೆ ‘ಇಲ್ಲ’ ಎಂದು ವಾಪಸ್ಸು ಹೋಗುತ್ತಾರೆ. ಕಪಾಟಿಗಿಂತ ಮೊದಲು ನೋಡಬೇಕಾದ್ದು ಇವತ್ತು ವಾಪಸ್ಸು ಬಂದು ಮೇಜಿನ ಮೇಲೆ ಕೂತಿರುವ ಗುಡ್ಡೆ. ಜನ ನಿಜವಾಗಿ ಓದುವ ಪುಸ್ತಕಗಳು ಅಲ್ಲಿರುತ್ತವೆ.

ಸಾರ್ವಜನಿಕ ಗ್ರಂಥಾಲಯದ ಸದಸ್ಯರಾಗಲು ಅರ್ಜಿ, ವಿಳಾಸದ ದಾಖಲೆ, ಫೋಟೊ, ಒಂದಿಷ್ಟು ಠೇವಣಿ ಕೇಳುತ್ತಾರೆ. ಠೇವಣಿ ರಸೀದಿ ಜೋಪಾನ. ಸದಸ್ಯತ್ವ ಬಿಡುವಾಗ ಹಣ ವಾಪಸ್ಸು ಕೇಳಲು ಅದೇ ಬೇಕು. ಕೇಳಲು ಸಂಕೋಚ ಬೇಡ: 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನೀವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರವೂ ವಸೂಲಾಗುತ್ತದೆ. ಹಳ್ಳಿಗಳಲ್ಲಿ ಪಂಚಾಯ್ತಿ ಗ್ರಂಥಾಲಯಕ್ಕೆ ಈಗ ‘ಅರಿವು ಕೇಂದ್ರ’ ಎಂಬ ಹೆಸರೂ ಇದೆ. ಬೇಕಾದ ಪುಸ್ತಕ ಇಲ್ಲದಿದ್ದರೆ ಹೆಸರು, ಲೇಖಕ, ಪ್ರಕಾಶಕ, ಬೆಲೆ ನಾಲ್ಕನ್ನೂ ಬರೆದುಕೊಡಿ. ‘ಯಾವುದಾದರೂ ಒಳ್ಳೆ ಕಾದಂಬರಿ ತರಿಸಿ’ ಎಂಬ ಮನವಿಯಿಂದ ಏನೂ ಆಗುವುದಿಲ್ಲ.

ಪುಸ್ತಕ ಕೊಳ್ಳುವಾಗ ಏನು ನೋಡಬೇಕು?

ಹೆಸರುಪುಟದ ಹಿಂಬದಿ. ಕನ್ನಡ ಪುಸ್ತಕಗಳಲ್ಲಿ ಎಷ್ಟನೇ ಮುದ್ರಣ, ಪುಟಗಳೆಷ್ಟು, ಪ್ರತಿಗಳೆಷ್ಟು, ‘1/8 ಡೆಮಿ’, ‘70 ಜಿ.ಎಸ್.ಎಂ. ಮ್ಯಾಪ್‌ಲಿಥೊ’ ಎಂದೆಲ್ಲ ಹೆಚ್ಚಾಗಿ ಅಲ್ಲೇ ಅಚ್ಚಾಗಿರುತ್ತದೆ. 1/8 ಡೆಮಿ ಎಂದರೆ ಪುಟದ ಅಳತೆ ಸುಮಾರು 5.5 × 8.5 ಇಂಚು. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಮ್ಯಾಪ್‌ಲಿಥೊ ಒಂದು ಬಗೆಯ ಕಾಗದ. ಕಾಗದ 60 ಜಿ.ಎಸ್.ಎಂ.ಗಿಂತ ತೆಳುವಾದರೆ ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ, ಟ್ಯೂಬ್‌ಲೈಟಿನಲ್ಲಿ ಓದುವವರಿಗೆ ಅದು ಕಣ್ಣಿಗೆ ಹಿಂಸೆ.

ಆಮೇಲೆ ಪುಟಸಂಖ್ಯೆ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ, ಅಂದರೆ ದೊಡ್ಡ ಹಾಳೆ ಮಡಿಸಿ ಮಾಡಿದ ಪುಟಗಳ ಕಟ್ಟು; ಸಾಮಾನ್ಯವಾಗಿ 16 ಪುಟಕ್ಕೊಂದು ಫಾರಂ. ಬೈಂಡಿಂಗಿನಲ್ಲಿ ಒಂದು ಫಾರಂ ಬಿಟ್ಟುಹೋಗುವುದು, ಎರಡು ಸಲ ಸೇರುವುದು, ತಲೆಕೆಳಗಾಗುವುದು ಉಂಟು. 16, 32, 48, 64... ಹೀಗೆ ಫಾರಂ ಕೂಡುವ ಕಡೆ ತಿರುವಿ ನೋಡಲು ಒಂದು ನಿಮಿಷ ಸಾಕು. ಪತ್ತೇದಾರಿ ಕಾದಂಬರಿಯಲ್ಲಿ ಕೊನೆಯ ಫಾರಂ ಇಲ್ಲದಿದ್ದರೆ ಹೇಗಿರುತ್ತದೆ ಯೋಚಿಸಿ. ರಸೀದಿ ಇದ್ದರೆ ಬದಲಾಯಿಸಿಕೊಡಿ ಎಂದು ಕೇಳಬಹುದು.

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಪುಸ್ತಕ ಕೊಳ್ಳುವವರು ಬೆನ್ನನ್ನೂ ಪರೀಕ್ಷಿಸಬೇಕು. ಹೊಲಿಗೆ ಹಾಕಿದ್ದಾದರೆ ನಡುವಿನ ಪುಟದಲ್ಲಿ ದಾರ ಕಾಣುತ್ತದೆ, ಬಾಳಿಕೆ ಬರುತ್ತದೆ. ಬರೀ ಗೋಂದಿನದು ಒಣಗಿದ್ದರೆ ತೆರೆದಾಗ ‘ಚಟ್’ ಎನ್ನುತ್ತದೆ. ಎರಡನೇ ಓದಿಗೆ ಹಾಳೆಗಳು ಕೈಗೆ ಬರುತ್ತವೆ. ಹೊಸದನ್ನೇ ಕಡಿಮೆಗೆ ಬೇಕೆಂದರೆ ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳನ್ನು ನೋಡಿ, ಅದರಲ್ಲೂ ನವೆಂಬರಿನ ರಿಯಾಯಿತಿ ಸಮಯದಲ್ಲಿ.

ಮೊಬೈಲಿನಲ್ಲಿ ಹಳೆಯ ಪುಸ್ತಕ ಓದೋಕೆ ಕಷ್ಟ, ಯಾಕೆ?

ಇಂಟರ್ನೆಟ್ ಆರ್ಕೈವ್‌ನಲ್ಲಿರುವ ಹಳೆಯ ಕನ್ನಡ ಪುಸ್ತಕಗಳು, ಸರ್ಕಾರದ ‘ಕಣಜ’ದ ಎಷ್ಟೋ ಪುಸ್ತಕಗಳು ಪಿಡಿಎಫ್. ಅಲ್ಲಿ ಪುಟ ಒಂದು ಚಿತ್ರವಿದ್ದಂತೆ. ಅಕ್ಷರ ದೊಡ್ಡದು ಮಾಡಿದರೆ ಸಾಲು ಮುರಿದು ಕೆಳಗೆ ಬರುವುದಿಲ್ಲ, ಪರದೆಯಿಂದ ಆಚೆ ಹೋಗುತ್ತದೆ. ಫೋನನ್ನು ಅಡ್ಡ ತಿರುಗಿಸಿ, ಓದುವ ಆ್ಯಪಿನಲ್ಲಿ ಅಂಚು ಕತ್ತರಿಸುವ ಸೌಲಭ್ಯವಿದ್ದರೆ ಬಳಸಿ. ಅರ್ಧ ಪುಟ ಒಂದು ಸಲಕ್ಕೆ, ಆಗ ಅಕ್ಷರ ಓದುವಷ್ಟು ದೊಡ್ಡದಾಗುತ್ತದೆ. ದುಡ್ಡು ಕೊಟ್ಟು ಕೊಳ್ಳುವ ಇ-ಪುಸ್ತಕಗಳಲ್ಲಿ ಇಪಬ್ ರೂಪ ಇದ್ದರೆ ಈ ತಾಪತ್ರಯವಿಲ್ಲ, ಸಾಲು ತಾನಾಗಿ ಪರದೆಗೆ ಹೊಂದಿಕೊಳ್ಳುತ್ತದೆ. ಯಾರೋ ಕಳಿಸಿದ ಫೈಲು ತೆರೆದಾಗ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ ಅದು ಯೂನಿಕೋಡ್ (ಈಗಿನ ಫೋನುಗಳೆಲ್ಲ ಬಳಸುವ ಅಕ್ಷರ ಸಂಕೇತ) ಅಲ್ಲದ, ಹಳೆಯ ‘ನುಡಿ’ ಅಥವಾ ‘ಬರಹ’ ಫಾಂಟಿನಲ್ಲಿ ಟೈಪಾದದ್ದು. ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತನ್ನಿ. ಒತ್ತಕ್ಷರ, ಅರ್ಕಾವೊತ್ತು ಒಂದಷ್ಟು ಕೆಡಬಹುದು.

ಓದಿದ್ದು ಮರೆತುಹೋಗುತ್ತೆ.

ಕಥೆ ಮರೆಯಲಿ. ಪುಸ್ತಕ ಮುಗಿದ ದಿನವೇ ನಾಲ್ಕು ಸಾಲು ಬರೆಯಿರಿ: ಹೆಸರು ಮತ್ತು ತಾರೀಖು, ನೆನಪಿನಲ್ಲಿ ನಿಂತ ಒಂದು ದೃಶ್ಯ ಮತ್ತು ಅದರ ಪುಟ, ಒಪ್ಪದೇ ಹೋದ ಒಂದು ಸಂಗತಿ, ಇದನ್ನು ಯಾರಿಗೆ ಕೊಡಬಹುದು. ಮೂರು ದಿನ ತಡಮಾಡಿದರೆ ಬೆನ್ನುಡಿಯ ಮಾತುಗಳೇ ನಿಮ್ಮ ಅಭಿಪ್ರಾಯವಾಗಿ ಬಂದು ಕೂರುತ್ತವೆ.

ಮಕ್ಕಳಿಗೆ ರುಚಿ ಹತ್ತಿಸೋದು ಹೇಗೆ?

ಕಥೆ ಮುಗಿದ ಮೇಲೆ ‘ಇದರ ನೀತಿ ಏನು?’ ಎಂದು ಕೇಳುವುದನ್ನು ನಿಲ್ಲಿಸಿ. ಅರ್ಧಕ್ಕೆ ಬಿಟ್ಟರೆ ಬೈಯಬೇಡಿ. ಅದೇ ಪುಸ್ತಕವನ್ನು ಏಳನೇ ಸಲ ಓದಿಸಿಕೊಳ್ಳುತ್ತಿದ್ದರೆ ಓದಿ ಹೇಳಿ.

ಗೆದ್ದಲು, ನುಸಿಯಿಂದ ಪುಸ್ತಕ ಕಾಪಾಡೋದು ಹೇಗೆ?

ನಮ್ಮ ಕೆಂಪು ಮಣ್ಣಿನ ಊರುಗಳಲ್ಲಿ ಗೆದ್ದಲು ಬರುವುದು ಗೋಡೆಯ ಮೂಲಕ. ಕಪಾಟನ್ನು ಗೋಡೆಗೆ ಅಂಟಿಸಿಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಕೆಳಗಿನ ಅರೆ ನೆಲದಿಂದ ಅರ್ಧ ಅಡಿ ಮೇಲಿರಲಿ. ಗೋಡೆಯಲ್ಲೇ ಕೊರೆದ ಗೂಡು, ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆ, ಎರಡೂ ಅಪಾಯ. ಮಣ್ಣಿನ ಗೆರೆ ಕಂಡರೆ ಗೆರೆ ಒರೆಸಿ ಸುಮ್ಮನಾಗಬೇಡಿ. ಅದು ಎಲ್ಲಿಂದ ಹೊರಟಿದೆ ಎಂದು ಹುಡುಕಿ ಔಷಧಿ ಅಲ್ಲಿಗೆ ಹಾಕಿಸಬೇಕು.

ನುಸಿಗುಳಿಗೆಯನ್ನು ಬಟ್ಟೆಯಲ್ಲಿ ಕಟ್ಟಿ ಅರೆಯ ಮೂಲೆಗಿಡಿ, ಪುಟಗಳ ನಡುವೆ ಅಲ್ಲ, ಮಕ್ಕಳ ಕೈಗೆ ಸಿಗುವಲ್ಲಿಯೂ ಅಲ್ಲ. ಬೇವಿನ ಸೊಪ್ಪು ಇಡುವುದಾದರೆ ಪೂರ್ತಿ ಒಣಗಿಸಿ. ಹಸಿ ಎಲೆಯ ತೇವವೇ ಬೂಷ್ಟು ತರುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಎಲ್ಲವನ್ನೂ ಹೊರತೆಗೆದು, ಬಿಸಿಲಿಗಲ್ಲ, ನೆರಳಿನ ಗಾಳಿಗೆ ಬಿಚ್ಚಿ ನಿಲ್ಲಿಸಿ. ಬಿಸಿಲಿಗಿಟ್ಟರೆ ಕಾಗದ ಹಳದಿಯಾಗುತ್ತದೆ, ಗೋಂದು ಬಿರಿಯುತ್ತದೆ.

ಎರವಲು ಕೊಟ್ಟ ಪುಸ್ತಕ ವಾಪಸ್ಸು ಬರಲ್ಲ.

ಕೊಡುವಾಗ ಮೊಬೈಲಿನಲ್ಲಿ ಪುಸ್ತಕ ಹಿಡಿದುಕೊಂಡಿರುವ ಅವರ ಫೋಟೊ ತೆಗೆಯಿರಿ. ನಗುನಗುತ್ತಲೇ ತೆಗೆಯಿರಿ. ತಿಂಗಳಾದ ಮೇಲೆ ಅದನ್ನೇ ಅವರಿಗೆ ಕಳಿಸಿ, ಬೇರೆ ಮಾತು ಬರೆಯಬೇಡಿ.